ಬಿನಾಲೆ ಇಲ್ಲದ ವರ್ಷ ಕೊಚ್ಚಿಗೆ ಹೋದರೆ ನೋಡಲು ಏನಿದೆ?

ಮಲ್ಲೇಶ್ವರದ ಓದುಗಿ

ಡಿಸೆಂಬರ್ ಕೊನೆಯ ವಾರ ಕೊಚ್ಚಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮಗಳು ಚಿತ್ರಕಲೆ ಓದುತ್ತಿದ್ದಾಳೆ. 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರವರೆಗೆ ನಡೆದ ಕೊಚ್ಚಿ–ಮುಜಿರಿಸ್ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನ ಪರೀಕ್ಷೆಗಳ ಗಲಾಟೆಯಲ್ಲಿ ತಪ್ಪಿಹೋಯಿತೆಂಬ ಬೇಸರ ಅವಳಿಗೆ ಇನ್ನೂ ಇಳಿದಿಲ್ಲ. ಜೊತೆಗೆ ನಮ್ಮ ಅತ್ತೆಯವರೂ ಬರುತ್ತಾರೆ. ಅವರಿಗೆ ಮಂಡಿನೋವು, ಶುದ್ಧ ಸಸ್ಯಾಹಾರಿ, ಮೇಲಾಗಿ ಒಂದಾದರೂ ದೇವಸ್ಥಾನ ತೋರಿಸಬೇಕೆಂಬ ಷರತ್ತು.

ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲಿ ನೋಡಿದರೂ ಚೀನೀ ಬಲೆ, ಸೂರ್ಯಾಸ್ತ, ಕಾಫಿ ಲೋಟ. ಇದಕ್ಕಾಗಿ ಅಷ್ಟು ದೂರ ಹೋಗಬೇಕೇ ಎಂದು ಮಗಳು ಕೇಳುತ್ತಿದ್ದಾಳೆ. ಕಲೆಯ ದೆಸೆಯಿಂದ ಎದ್ದು ನಿಂತ ಊರು ಎನ್ನುತ್ತಾರಲ್ಲ, ಕಲಾಕೃತಿಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ ಮೇಲೆ ಆ ಊರಿನಲ್ಲಿ ಉಳಿಯುವುದೇನು? ಹೋಗಿ ಬಂದವರು, ಅಲ್ಲೇ ಇರುವವರು ತಿಳಿಸಿ.

ಗಂಟುಮೂಟೆ

ಮೊದಲು ವಾರ ನೋಡಿಕೊಳ್ಳಿ, ಮಿಕ್ಕದ್ದು ಆಮೇಲೆ. ಮಟ್ಟಾಂಚೇರಿಯ ಯಹೂದಿ ಪ್ರಾರ್ಥನಾ ಮಂದಿರ ಶುಕ್ರವಾರ ಮತ್ತು ಶನಿವಾರ ಮುಚ್ಚಿರುತ್ತದೆ. ಪಕ್ಕದ ಅರಮನೆಗೆ ಶುಕ್ರವಾರ ರಜೆ. ವಾರಾಂತ್ಯವೆಂದು ಬೆಂಗಳೂರಿನಿಂದ ಶುಕ್ರವಾರ ಬಂದಿಳಿಯುವ ಮಂದಿ ಎರಡೂ ಕಡೆ ಬೀಗ ನೋಡಿಕೊಂಡು, ಕೊನೆಗೆ ಅದೇ ಬಲೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಭಾನುವಾರದಿಂದ ಗುರುವಾರದೊಳಗೆ ಮಟ್ಟಾಂಚೇರಿ ಮುಗಿಸಿ.

ಅತ್ತೆಯವರ ಮಂಡಿಗೆ ವಾಟರ್ ಮೆಟ್ರೊ ಇದೆ. 2023ರ ಏಪ್ರಿಲ್‌ನಲ್ಲಿ ಶುರುವಾಯಿತು. ಫೋರ್ಟ್ ಕೊಚ್ಚಿಯ ನಿಲ್ದಾಣ 2024ರಲ್ಲಿ ತೆರೆಯಿತು, ಮಟ್ಟಾಂಚೇರಿಯದು 2025ರಲ್ಲಿ. ಕೊಚ್ಚಿಯ ಹಡಗುಕಟ್ಟೆಯಲ್ಲಿಯೇ ತಯಾರಾದ, ಬ್ಯಾಟರಿಯಲ್ಲಿ ಓಡುವ ದೋಣಿಗಳು ಇವು. ಒಳಗೆ ಹವಾನಿಯಂತ್ರಣವಿದೆ. ನಿಲ್ದಾಣದ ತೇಲುಕಟ್ಟೆ ನೀರಿನ ಜೊತೆಗೇ ಏರಿಳಿಯುವುದರಿಂದ ಅದು ಯಾವಾಗಲೂ ದೋಣಿಯ ನೆಲದ ಮಟ್ಟಕ್ಕೇ ಇರುತ್ತದೆ. ಕಾಲೆತ್ತಿ ಹಾರಬೇಕಾಗಿಲ್ಲ, ನಡೆದುಕೊಂಡೇ ಒಳಗೆ ಹೋಗಬಹುದು. ಎರ್ನಾಕುಲಂನ ಹೈಕೋರ್ಟ್ ನಿಲ್ದಾಣದಲ್ಲಿ ಹತ್ತಿದರೆ ಇಪ್ಪತ್ತು ನಿಮಿಷದ ಹಾದಿ. ಸೇತುವೆ ದಾಟಿ ಕಾರಿನಲ್ಲಿ ಹೋಗುವವರು ಅಷ್ಟು ಹೊತ್ತಿನಲ್ಲಿ ತೋಪ್ಪುಂಪಡಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡಿರುತ್ತಾರೆ.

ಮಗಳನ್ನು ಮಾತ್ರ ಒಮ್ಮೆ ಜಲಸಾರಿಗೆ ಇಲಾಖೆಯ ಹಳೆಯ ದೋಣಿಗೆ ಹತ್ತಿಸಿ. ಕೆಲವೇ ರೂಪಾಯಿ ಟಿಕೆಟು, ಕಿಟಕಿಗೆ ಗಾಜಿಲ್ಲ, ಕೆಲಸಕ್ಕೆ ಹೋಗುವವರ ನಡುವೆ ಜಾಗ ಮಾಡಿಕೊಂಡು ಕೂರಬೇಕು. ಒಂದು ಪಕ್ಕದಲ್ಲಿ ನೌಕಾಪಡೆಯ ಹಡಗು, ಇನ್ನೊಂದು ಪಕ್ಕದಲ್ಲಿ ಮೀನಿನ ದೋಣಿ. ರೇಖಾಚಿತ್ರದ ಪುಸ್ತಕ ಕೈಯಲ್ಲಿದ್ದರೆ ಒಳ್ಳೆಯದು.

ಚಿಲ್ಲರೆ ಲೆಕ್ಕ

ನನ್ನ ಮಾತು ಯಾರಿಗೂ ರುಚಿಸಲಾರದು, ಆದರೂ ಹೇಳುತ್ತೇನೆ. ಫೋರ್ಟ್ ಕೊಚ್ಚಿಯಲ್ಲಿ ಈಗ ಎರಡು ಮನೆಗೊಂದು ಹೋಂಸ್ಟೇ. ಕಾಫಿಗೆ ಇಂದಿರಾನಗರದ ಬೆಲೆ. ಗೋಡೆಯ ಸುಣ್ಣ ಉದುರಿದ್ದರೆ ಅದನ್ನು ಹಾಗೆಯೇ ಬಿಟ್ಟು ಅದಕ್ಕೂ ಬಾಡಿಗೆ ಎತ್ತುತ್ತಾರೆ. ಪಕ್ಕದ ಕಾಲುವೆಯ ವಾಸನೆ ಮಾತ್ರ ಯಾವ ಫೋಟೊದಲ್ಲೂ ಬರುವುದಿಲ್ಲ.

ಬಿನಾಲೆಯನ್ನು ಹೊಗಳುವವರು 2022ನ್ನು ನೆನಪಿಸಿಕೊಳ್ಳಲಿ. ಡಿಸೆಂಬರ್ 12ರ ಉದ್ಘಾಟನೆಯನ್ನು ಇನ್ನೇನು ಬಾಗಿಲು ತೆರೆಯಬೇಕೆನ್ನುವಾಗ 23ಕ್ಕೆ ಮುಂದೂಡಿದರು. ಆ ಸಲದ ಐವತ್ತಕ್ಕೂ ಹೆಚ್ಚು ಕಲಾವಿದರು ವ್ಯವಸ್ಥೆ ಸರಿಯಿಲ್ಲವೆಂದು ಬಹಿರಂಗ ಪತ್ರ ಬರೆದರು. ಹೊರದೇಶಗಳಿಂದ ಬಂದವರು ಸಾಮಾನು ಬಿಚ್ಚಲಾಗದೆ ಕುಳಿತಿದ್ದ ಊರನ್ನು ‘ಪುನರುಜ್ಜೀವನ’ದ ಮಾದರಿ ಎನ್ನಲು ನನಗೆ ನಾಲಗೆ ಹೊರಳುವುದಿಲ್ಲ.

ಬಣ್ಣದ ಡಬ್ಬಿ

ಚಿಲ್ಲರೆ ಲೆಕ್ಕ ಅವರೇ, 2022ರ ವಿಷಯದಲ್ಲಿ ನಿಮ್ಮ ಮಾತು ನಿಜ. ಆದರೆ ಆ ಪತ್ರವನ್ನು ಬರೆದವರು ಕಲಾವಿದರೇ, ಮತ್ತು ಅದನ್ನು ಬರೆದದ್ದು ಬಿನಾಲೆ ನಿಲ್ಲಲಿ ಎಂದಲ್ಲ, ನೆಟ್ಟಗೆ ನಡೆಯಲಿ ಎಂದು.

ಓದುಗಿಯವರ ಪ್ರಶ್ನೆಗೆ ಬರುತ್ತೇನೆ. ಕೊಚ್ಚಿಯಲ್ಲಿ ಕಲೆ ಮೊದಲ ಬಿನಾಲೆ ಶುರುವಾದ 2012ರ ಡಿಸೆಂಬರ್ 12ರಂದು ಆಕಾಶದಿಂದ ಇಳಿದದ್ದಲ್ಲ. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಬಿನಾಲೆ ಕಟ್ಟುವ ಎಷ್ಟೋ ವರ್ಷ ಮೊದಲೇ, 1997ರಲ್ಲಿ, ಬರ್ಗರ್ ಬೀದಿಯ ಹಳೆಯ ಮನೆಯೊಂದರಲ್ಲಿ ಕಾಶಿ ಆರ್ಟ್ ಕೆಫೆ ತೆರೆದಿತ್ತು. ತಿಂಡಿ ತಿನ್ನಲು ಬಂದವರು ಗೋಡೆಯ ಮೇಲಿನ ಚಿತ್ರ ನೋಡಿಕೊಂಡು ಹೋಗುತ್ತಿದ್ದರು. ಆ ಕೆಫೆ ಇಂದಿಗೂ ಇದೆ. ಡಚ್ಚರ ಕಾಲದ ಡೇವಿಡ್ ಹಾಲ್, ನೀರಿನಂಚಿನ ಪೆಪ್ಪರ್ ಹೌಸ್, ಮಟ್ಟಾಂಚೇರಿಯ ಉರು ಆರ್ಟ್ ಹಾರ್ಬರ್, ಇವೆಲ್ಲ ಬಿನಾಲೆಯ ತಿಂಗಳುಗಳಾಚೆಗೂ ಊರಿನ ಕಲಾ ಬದುಕಿನ ಭಾಗ. ಯಾವ ದಿನ ಯಾವ ಪ್ರದರ್ಶನವಿದೆ ಎಂಬುದನ್ನು ಹೊರಡುವ ವಾರ ವಿಚಾರಿಸಿಕೊಳ್ಳಿ. ಬಿನಾಲೆ ನಡೆಯುವ ಹಳೆಯ ಕಟ್ಟಡ ಆಸ್ಪಿನ್‌ವಾಲ್ ಹೌಸನ್ನು ಮಾತ್ರ ಪಟ್ಟಿಯಿಂದ ತೆಗೆಯಿರಿ. ಬಿನಾಲೆ ಇಲ್ಲದಾಗ ಅದರ ಗೇಟಿನಿಂದಾಚೆಗೆ ಹೋಗುವ ಆಸೆ ಬೇಡ.

ಆ ಕಟ್ಟಡದೊಳಗೆ ನಡೆದದ್ದನ್ನು ಮಗಳಿಗೆ ಹೇಳಿ. 2014ರಲ್ಲಿ ಅನೀಶ್ ಕಪೂರ್ ಅಲ್ಲಿನ ನೆಲದಲ್ಲಿ ನಿರಂತರ ಸುತ್ತುವ ನೀರಿನ ಸುಳಿಯೊಂದನ್ನು ಮಾಡಿದ್ದರು. ಕಿಟಕಿಯಾಚೆ ನಿಜವಾದ ಸಮುದ್ರ, ಕಾಲಬುಡದಲ್ಲಿ ಈ ಸುಳಿ. 2016ರಲ್ಲಿ ಚಿಲಿಯ ಕವಿ ರೌಲ್ ಜುರಿಟಾ ಉದ್ದನೆಯ ಗೋದಾಮಿಗೆ ಉಪ್ಪುನೀರು ತುಂಬಿಸಿದರು. ಮೊಣಕಾಲವರೆಗಿನ ನೀರಿನಲ್ಲಿ ನಡೆದುಕೊಂಡು ಹೋಗಿ ಗೋಡೆಯ ಮೇಲಿನ ಕವಿತೆ ಓದಬೇಕಿತ್ತು. ಸಿರಿಯಾದಿಂದ ತಪ್ಪಿಸಿಕೊಳ್ಳುವಾಗ ಕಡಲುಪಾಲಾದ ಬಾಲಕ ಗಾಲಿಪ್ ಕುರ್ದಿಗೆ ಅರ್ಪಿಸಿದ ಕೃತಿ ಅದು. ಕಲೆಯೆಂದರೆ ಮೂಗು ಮುರಿಯುತ್ತಿದ್ದ ನನ್ನ ಭಾವ ಅದರಿಂದ ಹೊರಬಂದವರು ಬಹಳ ಹೊತ್ತು ಪ್ಯಾಂಟಿನ ಮಡಿಕೆಯನ್ನೂ ಬಿಚ್ಚಿರಲಿಲ್ಲ.

ಅದೇ 2016ರ ಆವೃತ್ತಿಯ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸಿದವರು, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ. ಮೊದಲ ಆವೃತ್ತಿಯಲ್ಲಿ ಕುಂದಾಪುರದ ಕಡೆಯ ಎಲ್.ಎನ್. ತಲ್ಲೂರು ಮಂಗಳೂರು ಹೆಂಚಿನ ಮಾಡೊಂದನ್ನು ಕೆಳಕ್ಕಿಳಿಸಿ, ಅದರ ಮೇಲೆ ಹಠಯೋಗದ ಭಂಗಿಯ ಪುಟ್ಟ ಮಣ್ಣಿನ ಆಕೃತಿಗಳನ್ನು ಕೂರಿಸಿದ್ದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತಲ್ಲ, ಆ ಮಾದರಿಯ ಹೆಂಚು ಮಟ್ಟಾಂಚೇರಿಯ ಗೋದಾಮುಗಳ ಮೇಲೆ ಈಗಲೂ ಇದೆ. ಕತ್ತೆತ್ತಿ ನೋಡಲು ಟಿಕೆಟ್ ಬೇಡ.

ಚಿಲ್ಲರೆ ಲೆಕ್ಕ

ಸುಳಿ, ಉಪ್ಪುನೀರು ಎರಡೂ ಈಗ ಇಲ್ಲ. ಓದುಗಿಯವರು ಕೇಳಿದ್ದು ಈಗ ಇರುವುದನ್ನು.

ಹಳೇ ಬಂದರು

ಈಗ ಇರುವುದನ್ನು ನೋಡಲು ಆ ಗೋದಾಮುಗಳು ಯಾಕೆ ಖಾಲಿಯಾದವೆಂಬುದು ಗೊತ್ತಿರಬೇಕು. ನಾನು ಮಂಗಳೂರಿನವನು, ಬಂದರಿನ ಸಗಟು ಅಂಗಡಿಗಳ ನಡುವೆ ಬೆಳೆದವನು. ಹಾಗಾಗಿ ಕೊಚ್ಚಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಗೋದಾಮಿನ ಬಾಗಿಲಿಗೆ, ಚಿತ್ರಕ್ಕೆ ಆಮೇಲೆ.

1341ರ ಪೆರಿಯಾರ್ ಪ್ರವಾಹದಲ್ಲಿ ಮುಜಿರಿಸ್ ಬಂದರು ಹೂಳು ತುಂಬಿ ಹಾಳಾಯಿತು, ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂಬುದು ಬಹುಕಾಲದಿಂದ ನಂಬಿಕೊಂಡು ಬಂದ ಕಥೆ. ಬಿನಾಲೆಯ ಹೆಸರಿನಲ್ಲಿ ಮುಜಿರಿಸ್ ಸೇರಿದ್ದೂ ಅದರಿಂದಲೇ. ಆಮೇಲೆ ಪೋರ್ಚುಗೀಸರು, 1663ರಿಂದ ಡಚ್ಚರು, ಬಳಿಕ ಇಂಗ್ಲಿಷರು. ಯಾರೇ ಆಳಲಿ, ಮೆಣಸು, ಶುಂಠಿ, ಕೊಬ್ಬರಿ ಹೋಗಿ ಬರುತ್ತಿದ್ದದ್ದು ಮಟ್ಟಾಂಚೇರಿಯ ಬಜಾರ್ ರಸ್ತೆಯ ಹಿಂಬಾಗಿಲಿನಿಂದ. ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ನೀರಿಗೆ. ಅಲ್ಲಿನ ಗೋದಾಮುಗಳ ಕಟ್ಟೋಣವೇ ಹಾಗೆ.

ದೊಡ್ಡ ಹಡಗುಗಳು ಮೊದಲು ಹೊರಸಮುದ್ರದಲ್ಲಿಯೇ ನಿಲ್ಲುತ್ತಿದ್ದವು. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಅಳಿವೆಯ ಬಾಯಿಗೆ ಅಡ್ಡವಿದ್ದ ದಿಬ್ಬವನ್ನು ಕೊರೆಸಿದ ಮೇಲೆ, 1928ರ ಮೇ 26ರಂದು ಪದ್ಮ ಎಂಬ ಹಡಗು ಒಳಬಂದರಿಗೆ ಬಂತು. ತೆಗೆದ ಹೂಳಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದಿತು. ಅಲ್ಲಿಗೆ ಧಕ್ಕೆ, ಕ್ರೇನು, ರೈಲು ಬಂದ ಮೇಲೆ ಮಟ್ಟಾಂಚೇರಿಯ ಹಿಂಬಾಗಿಲುಗಳಿಗೆ ಕೆಲಸ ಕಡಿಮೆಯಾಯಿತು. 2011ರಲ್ಲಿ ವಲ್ಲಾರ್‌ಪಾಡಂ ಕಂಟೇನರ್ ನಿಲ್ದಾಣ ಶುರುವಾದ ಮೇಲೆ ವಿಲಿಂಗ್ಡನ್‌ನ ಗೋದಾಮುಗಳಿಗೂ ಅದೇ ಗತಿ. ಮರುವರ್ಷವೇ ಬಿನಾಲೆ. ಕಲೆಗೆ ಅಷ್ಟು ಅಗಲವಾದ, ಎತ್ತರವಾದ ಜಾಗ ಸಿಕ್ಕಿದ್ದು ವ್ಯಾಪಾರ ಜಾಗ ಖಾಲಿ ಮಾಡಿದ್ದರಿಂದ.

ನಮ್ಮಲ್ಲೂ ಇದೇ ಕಥೆ ಅರ್ಧದವರೆಗೆ ನಡೆದಿದೆ. ಎಪ್ಪತ್ತರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂತು, ದೊಡ್ಡ ಹಡಗುಗಳು ಅತ್ತ ಹೋದವು. ಆದರೆ ಹಳೆಯ ಬಂದರು ಖಾಲಿಯಾಗಲಿಲ್ಲ. ದಕ್ಕೆಯಲ್ಲಿ ಮೀನು, ಒಳಗಿನ ಬೀದಿಗಳಲ್ಲಿ ಸಗಟು ವ್ಯಾಪಾರ, ಲಕ್ಷದ್ವೀಪಕ್ಕೆ ಹೋಗುವ ಸರಕು ಎಲ್ಲ ಇನ್ನೂ ಇವೆ. ಮಂಗಳೂರಿಗೂ ಇಂಥ ಬಿನಾಲೆ ಬೇಕು ಎನ್ನುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಅಕ್ಕಿ ಮೂಟೆ ಇರುವ ಗೋದಾಮಿಗೆ ಚಿತ್ರ ತರಬೇಕಾದರೆ ಮೂಟೆ ಎತ್ತುವವನನ್ನು ಎಲ್ಲಿಗೆ ಕಳುಹಿಸುತ್ತೀರಿ ಎಂದು ಮೊದಲು ಯೋಚಿಸಿ.

ಕಾಯಲಿನ ಕನ್ನಡಿಗ

ಎರ್ನಾಕುಲಂನಲ್ಲಿ ಕೆಲಸದ ಮೇಲೆ ಬಹಳ ಕಾಲದಿಂದ ಇದ್ದೇನೆ. ಮೂಟೆ ಎತ್ತುವವನ ಮಾತು ಬಂತಾದ್ದರಿಂದ ಇದನ್ನು ಹೇಳಲೇಬೇಕು.

ಮಟ್ಟಾಂಚೇರಿ ಬಂದರಿನಲ್ಲಿ ‘ಚಾಪ್ಪ’ ಎಂಬ ಪದ್ಧತಿ ಇತ್ತು. ಬೆಳಿಗ್ಗೆ ಕೆಲಸ ಕೇಳಿಕೊಂಡು ನೂರಾರು ಜನ ಸೇರುತ್ತಿದ್ದರು. ಗುತ್ತಿಗೆಯ ಮೇಸ್ತ್ರಿಗಳು ಲೋಹದ ಬಿಲ್ಲೆಗಳನ್ನು ಗುಂಪಿನ ಮೇಲೆ ಎಸೆಯುತ್ತಿದ್ದರು. ಬಡಿದಾಡಿ ಹೆಕ್ಕಿಕೊಂಡವನಿಗೆ ಆ ದಿನದ ಕೂಲಿ, ಉಳಿದವರು ಮನೆಗೆ. ಇದನ್ನು ನಿಲ್ಲಿಸಬೇಕೆಂದು ಕಾರ್ಮಿಕರು ಹೋರಾಡಿದರು. 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ಇಲ್ಲಿನ ಹಳೆಯ ಮನೆಗಳಲ್ಲಿ ಇದು ಇನ್ನೂ ಮಾತಿಗೆ ಬರುತ್ತದೆ. ಪ್ರವಾಸಿಗರನ್ನು ಸುತ್ತಿಸುವ ಆಟೊದವರು ಮಾತ್ರ ಇದನ್ನು ತಾವಾಗಿ ಹೇಳುವುದಿಲ್ಲ. ಕೇಳಿದರೆ ಗಾಡಿ ನಿಲ್ಲಿಸಿ ಹೇಳುತ್ತಾರೆ.

ಚಿಲ್ಲರೆ ಲೆಕ್ಕ ಅವರ ಸಿಟ್ಟನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಿನಾಲೆಯಿಂದ ಆಟೊದವರಿಗೆ, ಬಡಗಿಗಳಿಗೆ, ಮನೆಯ ಮಹಡಿ ಬಾಡಿಗೆಗೆ ಕೊಡುವವರಿಗೆ ನಾಲ್ಕು ಕಾಸು ಬಂದಿದೆ, ಅದು ಕಣ್ಣಿಗೆ ಕಾಣುತ್ತದೆ. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಮಟ್ಟಾಂಚೇರಿಯ ಓಣಿಗಳೂ ಕಣ್ಣಿಗೆ ಕಾಣುತ್ತವೆ. ತುರುತ್ತಿಯಲ್ಲಿ ಬಡ ಕುಟುಂಬಗಳಿಗೆಂದು ಕಟ್ಟಿದ ಎರಡು ಎತ್ತರದ ವಸತಿ ಕಟ್ಟಡಗಳು 2025ರಲ್ಲಿ ಉದ್ಘಾಟನೆಯಾದವು. ನನ್ನ ದೃಷ್ಟಿಯಲ್ಲಿ ಈ ಊರಿನ ಚೇತರಿಕೆಯಲ್ಲಿ ಅದಕ್ಕೂ ಬಿನಾಲೆಯಷ್ಟೇ ಜಾಗವಿದೆ. ಆದರೆ ಅದರ ಮುಂದೆ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಓದುಗಿಯವರೇ, ಬಜಾರ್ ರಸ್ತೆಗೆ ಕೆಲಸದ ದಿನ ಬೆಳಿಗ್ಗೆಯೇ ಹೋಗಿ. ಒಣಶುಂಠಿ ಹರಡಿರುತ್ತಾರೆ, ಕೈಗಾಡಿ ಬರುತ್ತಲೇ ಇರುತ್ತವೆ, ದಾರಿ ಬಿಡಬೇಕು. ಖಾಲಿಯಾಗದ ಗೋದಾಮುಗಳೂ ಅಲ್ಲಿ ಬೇಕಾದಷ್ಟಿವೆ. ಚಿತ್ರ ಬಿಡಿಸುವ ಹುಡುಗಿಗೆ ಸೂರ್ಯಾಸ್ತಕ್ಕಿಂತ ಇದು ಹೆಚ್ಚು ಕೆಲಸ ಕೊಡುತ್ತದೆ. ವೇಲಿಯ ಧೋಬಿ ಖಾನಾವನ್ನೂ ನೋಡಿ. ಡಚ್ಚರು ಬಟ್ಟೆ ಒಗೆಯಲು ತಮಿಳುನಾಡಿನ ಕಡೆಯಿಂದ ಕರೆತಂದವರ ವಂಶದವರೆಂದು ಹೇಳಿಕೊಳ್ಳುವ ವಣ್ಣಾನ್ ಸಮುದಾಯದವರು ಅಲ್ಲಿ ಈಗಲೂ ಒಗೆದು, ಹಿಂಡಿದ ಹಗ್ಗದ ಎಳೆಗಳ ನಡುವೆ ಕ್ಲಿಪ್ಪಿಲ್ಲದೆ ಬಟ್ಟೆ ಸಿಕ್ಕಿಸಿ ಒಣಗಿಸುತ್ತಾರೆ. ಫೋಟೊ ತೆಗೆಯುವ ಮೊದಲು ಕೇಳಿ. ಅದು ಅವರು ದುಡಿಯುವ ಜಾಗ.

ರಥಬೀದಿ

ಅತ್ತೆಯವರ ದೇವಸ್ಥಾನದ ಭಾರ ನನಗಿರಲಿ. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಗೌಡ ಸಾರಸ್ವತರ ಕೊಚ್ಚಿ ತಿರುಮಲ ದೇವಸ್ಥಾನವಿದೆ, ವೆಂಕಟೇಶ್ವರ ದೇವರು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ನಮ್ಮ ಹಿರಿಯರಲ್ಲಿ ಕೆಲವರು ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿಯವರೆಗೆ ಹೋದರು. ಮಂಗಳೂರಿನ ಕೊಂಕಣಿಯಲ್ಲಿ ಮಾತನಾಡಿಸಿದರೆ ಅಲ್ಲಿಯ ಅಂಗಡಿಯವರು ಅವರ ಕೊಂಕಣಿಯಲ್ಲಿ ಉತ್ತರ ಕೊಡುತ್ತಾರೆ. ನಡುವೆ ಮಲಯಾಳ ನುಗ್ಗುತ್ತದೆ, ನಮ್ಮದರಲ್ಲಿ ಕನ್ನಡ, ತುಳು ನುಗ್ಗುವಂತೆ.

ಗುಜರಾತಿ ರಸ್ತೆಯಲ್ಲಿ ಬಿಳಿ ಕಲ್ಲಿನ ಜೈನ ಬಸದಿಯೂ ಇದೆ, ಪಾರಿವಾಳಗಳಿಗೆ ಕಾಳು ಹಾಕುವ ಕ್ರಮವುಂಟು. ಸಸ್ಯಾಹಾರಕ್ಕೆ ಅದೇ ಬೀದಿ. ಶಾಂತಿಲಾಲ್ ಮಿಠಾಯಿವಾಲಾ ಅಂಗಡಿಯಲ್ಲಿ ಗುಜರಾತಿ ತಿಂಡಿ, ಸಿಹಿ ಸಿಗುತ್ತದೆ. ಮೀನಿನ ವಾಸನೆಗೆ ಹೆದರಿ ಅತ್ತೆಯವರು ಬಿಸ್ಕತ್ತು ಕಟ್ಟಿಕೊಂಡು ಹೊರಡುವುದು ಬೇಡ.

ಮಗಳಿಗೆ ಇನ್ನೊಂದು ವಿಷಯ. ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿದ್ದಾಗ ಮಾಡಿಸಿದ ‘ಹೊರ್ಟುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯರಿದ್ದರು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿಯೇ ಗ್ರಂಥದಲ್ಲಿ ಮುದ್ರಣವಾಗಿದೆ. ಚಿತ್ರಗಳಂತೂ ಒಂದೊಂದೂ ಗಂಟೆಗಟ್ಟಲೆ ನೋಡುವಂಥವು.

ಗಂಟುಮೂಟೆ

ಮಾಂಸಾಹಾರಿಗಳೂ ಈ ಚರ್ಚೆ ಓದುತ್ತಿದ್ದಾರೆ ಎಂಬುದನ್ನು ಯಾರೂ ಮರೆಯಬಾರದು. ಮಟ್ಟಾಂಚೇರಿಯ ನ್ಯೂ ರೋಡಿನ ಕಾಯೀಸ್ ಬಿರಿಯಾನಿ. ಮಧ್ಯಾಹ್ನ ತಡಮಾಡಿ ಹೋದರೆ ಪಾತ್ರೆ ಬರಿದಾಗಿರುತ್ತದೆ.

ಮಲ್ಲೇಶ್ವರದ ಓದುಗಿ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಮಗಳು ಬಜಾರ್ ರಸ್ತೆ, ಧೋಬಿ ಖಾನಾ ಎರಡನ್ನೂ ಗುರುತು ಹಾಕಿಕೊಂಡಿದ್ದಾಳೆ. ಅತ್ತೆಯವರಿಗೆ ತಿರುಮಲ ದೇವಸ್ಥಾನ ಎಂದ ಕೂಡಲೇ ಮಂಡಿನೋವು ಅರ್ಧ ಇಳಿದಿದೆ.

ಅರಮನೆ ಹತ್ತಬಹುದೇ? ಎರ್ನಾಕುಲಂ ಕಡೆ ಏನೂ ಇಲ್ಲವೇ, ಎಲ್ಲರೂ ನೀರಿನ ಆಚೆಯದನ್ನೇ ಹೇಳುತ್ತಿದ್ದೀರಿ. ಡಿಸೆಂಬರ್ 31ರ ರಾತ್ರಿ ಫೋರ್ಟ್ ಕೊಚ್ಚಿಯಲ್ಲಿ ದೊಡ್ಡ ಗೊಂಬೆ ಸುಡುತ್ತಾರಂತೆ, ಅದು ನಮ್ಮಂಥವರು ಹೋಗುವಂಥದ್ದೇ?

ಬಣ್ಣದ ಡಬ್ಬಿ

ಅರಮನೆಗೆ ಮೆಟ್ಟಿಲಿದೆ, ನಿಧಾನವಾಗಿ ಹತ್ತಿಸಿ, ಆದರೆ ಬಿಡಬೇಡಿ. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿ ಕೊಚ್ಚಿಯ ಅರಸನಿಗೆ ಕೊಟ್ಟದ್ದು, ಡಚ್ಚರು ರಿಪೇರಿ ಮಾಡಿಸಿ ತಮ್ಮ ಹೆಸರು ಅಂಟಿಸಿಕೊಂಡರು. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಅರಸನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ. ಆಕೃತಿಗಳ ನಡುವೆ ಬೆರಳಿಡಲು ಜಾಗ ಬಿಟ್ಟಿಲ್ಲ. ಕೆಂಪು, ಹಳದಿ, ಹಸಿರು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಫೋಟೊಗೆ ಅನುಮತಿ ಇಲ್ಲ, ಅದರಿಂದ ಕಲಾ ವಿದ್ಯಾರ್ಥಿಗೆ ಲಾಭವೇ. ಅತ್ತೆಯವರು ಯಾವ ಗೋಡೆಯಲ್ಲಿ ಯಾವ ಕಾಂಡವಿದೆ ಎಂದು ಹೇಳುತ್ತ ಹೋಗಲಿ, ಮಗಳು ನೋಡುತ್ತ ಹೋಗಲಿ.

ಸಂಜೆ ಫೋರ್ಟ್ ಕೊಚ್ಚಿಯ ಕಥಕ್ಕಳಿ ಕೇಂದ್ರಕ್ಕೆ ಆಟಕ್ಕಿಂತ ಒಂದು ಗಂಟೆ ಮುಂಚೆ ಹೋಗಿ. ಬಣ್ಣಗಾರಿಕೆಯನ್ನು ಪ್ರೇಕ್ಷಕರ ಎದುರಿನಲ್ಲಿಯೇ ಮಾಡುತ್ತಾರೆ. ನಮ್ಮ ಯಕ್ಷಗಾನದ ಚೌಕಿಗೆ ನುಗ್ಗಿ ಗದರಿಸಿಕೊಂಡು ಬಂದವರಿಗೆ ಇದು ಬಹಳ ಉದಾರವೆನಿಸುತ್ತದೆ. ಆಟ ಪ್ರವಾಸಿಗರಿಗಾಗಿ ಕತ್ತರಿಸಿದ್ದು, ಇಡೀ ರಾತ್ರಿಯ ಕಥಕ್ಕಳಿಯ ನಿರೀಕ್ಷೆ ಬೇಡ.

ಕಾಯಲಿನ ಕನ್ನಡಿಗ

ಎರ್ನಾಕುಲಂ ಎಂದರೆ ನಮಗೆ ಕಚೇರಿ, ಆಸ್ಪತ್ರೆ, ಬಟ್ಟೆ ಅಂಗಡಿ. ಅದಕ್ಕೇ ಯಾರೂ ಹೇಳಲಿಲ್ಲ. ಆದರೆ ದರ್ಬಾರ್ ಹಾಲ್ ಇದೆ. ಅರಸರ ಸಭಾಂಗಣವಾಗಿದ್ದದ್ದು ಈಗ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ. ಪಕ್ಕದಲ್ಲೇ ಎರ್ನಾಕುಲತ್ತಪ್ಪನ್ ಶಿವ ದೇವಸ್ಥಾನ, ಅತ್ತೆಯವರಿಗೆ ಎರಡನೆಯದಾಯಿತು. ಬ್ರಾಡ್‌ವೇ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ, ಮೆಣಸು, ಏಲಕ್ಕಿ ಅಲ್ಲೇ ಕೊಳ್ಳಿ. ಯಹೂದಿ ಬೀದಿಯ ಅಂಗಡಿಗಳಲ್ಲಿ ನೋಡುವುದು ಚೆಂದ, ಬೆಲೆ ಅಷ್ಟು ಚೆಂದವಿಲ್ಲ. ತೇವರದ ಜಾನಪದ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಹಳೆಯ ಮನೆ, ಗುಡಿಗಳ ಮರದ ಭಾಗಗಳನ್ನು ತಂದು ಜೋಡಿಸಿ ಕಟ್ಟಿದ ಕಟ್ಟಡವದು.

31ರ ಪಪ್ಪಾಂಜಿ ವಿಷಯ. ಪೋರ್ಚುಗೀಸರ ಕಾಲದ ನೆನಪೆಂದು ಹೇಳಲಾಗುವ ಮುದುಕನ ಬೊಂಬೆಯನ್ನು ಮಧ್ಯರಾತ್ರಿ ಸುಡುತ್ತಾರೆ. ನೋಡಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಪೊಲೀಸರು ಮಧ್ಯಾಹ್ನದಿಂದಲೇ ವಾಹನ ತಡೆಯುತ್ತಾರೆ, ಹಿಂತಿರುಗುವ ದೋಣಿಗೆ, ಬಸ್ಸಿಗೆ ಗಂಟೆಗಟ್ಟಲೆ ಸಾಲು. ಅತ್ತೆಯವರನ್ನು ಕರೆದುಕೊಂಡು ಖಂಡಿತ ಹೋಗಬೇಡಿ. ಅದರ ಬದಲು ಜನವರಿ 1ರ ಮಧ್ಯಾಹ್ನ ಕಾರ್ನಿವಲ್ ಮೆರವಣಿಗೆ ಇರುತ್ತದೆ. ಆನೆ, ಚೆಂಡೆ, ಪಂಚವಾದ್ಯದ ಜೊತೆಗೆ ಓಣಿ ಓಣಿಯ ಹುಡುಗರು ತಾವೇ ವೇಷ ಕಟ್ಟಿಕೊಂಡು, ಆ ವರ್ಷದ ರಾಜಕೀಯವನ್ನು ಲೇವಡಿ ಮಾಡಿಕೊಂಡು ಬರುತ್ತಾರೆ. ಬೆಳಿಗ್ಗೆಯೇ ಫೋರ್ಟ್ ಕೊಚ್ಚಿ ಸೇರಿಕೊಂಡು, ರಸ್ತೆಗೆ ಮುಖ ಮಾಡಿದ ಜಗಲಿ ಇರುವ ಮನೆಯಲ್ಲಿ ಕೋಣೆ ಹಿಡಿದರೆ ಅತ್ತೆಯವರು ಕುರ್ಚಿಯಲ್ಲಿ ಕುಳಿತೇ ನೋಡಬಹುದು.

ಚಿಲ್ಲರೆ ಲೆಕ್ಕ

ಅಂಥ ಕೋಣೆಗೆ ಆ ವಾರ ಎಷ್ಟು ಕೇಳುತ್ತಾರೆ ಎಂಬುದನ್ನೂ ತಿಳಿಸಿದ್ದರೆ ಚೆನ್ನಾಗಿತ್ತು.

ಕಾಯಲಿನ ಕನ್ನಡಿಗ

ಎರಡು ಪಟ್ಟು ಕೇಳುತ್ತಾರೆ, ಕೆಲವರು ಮೂರು. ನೀರಿನಾಚೆಯ ವೈಪಿನ್ ಕಡೆ ಉಳಿದುಕೊಂಡು, ವಾಹನಗಳನ್ನೂ ದಾಟಿಸುವ ರೋ–ರೋ ದೋಣಿಯಲ್ಲಿ ದಾಟಿಬನ್ನಿ, ಬಾಡಿಗೆ ಕಡಿಮೆ. ಜಗಲಿ ಸಿಗುವುದಿಲ್ಲ, ಕುರ್ಚಿಯನ್ನು ಯಾರ ಮನೆಯಲ್ಲಿ ಕೇಳಿದರೂ ಕೊಡುತ್ತಾರೆ.